ಬೆಂಚಿನ ಮೇಲಿನ ಕೊಡೆ

ನನ್ನ ಅಂಗಡಿಯಲ್ಲಿ ಎರಡು ಕುರ್ಚಿ, ಒಂದು ಬೆಂಚು. ಕುರ್ಚಿಗಳ ಬಗ್ಗೆ ಹೇಳುವಂಥದ್ದೇನಿಲ್ಲ. ತಿರುಗುತ್ತವೆ, ಒರಗುತ್ತವೆ, ಎರಡರಲ್ಲಿ ಒಂದು ಸ್ವಲ್ಪ ಕುಂಟುತ್ತದೆ. ಬೆಂಚಿನ ಬಗ್ಗೆ ಹೇಳಬೇಕು. ಗೋಡೆಗೆ ಒತ್ತಿಕೊಂಡಿರುವ, ಐದು ಜನ ಕೂರಬಹುದಾದ ಮರದ ಬೆಂಚು. ಬಂದವನು ಬಾಗಿಲ ಕಡೆಯ ತುದಿಯಲ್ಲಿ ಕೂರುತ್ತಾನೆ. ಒಬ್ಬೊಬ್ಬರ ಕ್ಷೌರ ಮುಗಿದ ಹಾಗೆ ಒಂದೊಂದು ಜಾಗ ಸರಿಯುತ್ತಾನೆ. ಕನ್ನಡಿ ಕಡೆಯ ತುದಿ ಮುಟ್ಟಿದಾಗ ಅವನ ಸರದಿ. ಚೀಟಿ ಇಲ್ಲ, ಪುಸ್ತಕ ಇಲ್ಲ, ಬಾಯಿಜಗಳ ಇಲ್ಲ. ಮಧ್ಯೆ ಎದ್ದು ಹೋಗಬೇಕಾದವನು ತನ್ನ ಜಾಗದಲ್ಲಿ ಏನಾದರೊಂದು ಇಟ್ಟು ಹೋಗುತ್ತಾನೆ. ಕೊಡೆ, ಹೆಲ್ಮೆಟ್ಟು, ಪೇಪರು. ಒಮ್ಮೆ ಒಬ್ಬ ಪುಣ್ಯಾತ್ಮ ತನ್ನ ಹಲ್ಲುಸೆಟ್ಟಿನ ಡಬ್ಬಿಯನ್ನೇ ಇಟ್ಟು ಹೋಗಿದ್ದ. ವಸ್ತು ಇರುವ ತನಕ ಅವನೂ ಇದ್ದಾನೆ ಅಂತ ಲೆಕ್ಕ. ಉಳಿದವರು ಸರಿಯುವಾಗ ಕೊಡೆಯನ್ನೂ ಜೊತೆಗೆ ಸರಿಸುತ್ತಾರೆ. ಅವನು ಚಹಾ ಕುಡಿದು, ಬ್ಯಾಂಕಿನ ಕೆಲಸ ಮುಗಿಸಿ, ಮನೆಯಲ್ಲಿ ಬೈಸಿಕೊಂಡು ವಾಪಸು ಬರುವಷ್ಟರಲ್ಲಿ ಅವನ ಕೊಡೆ ಕನ್ನಡಿ ತನಕ ಬಂದು ಕೂತಿರುತ್ತದೆ.

ಇಪ್ಪತ್ತೆಂಟು ವರ್ಷ ನಾನು ಈ ಕಾನೂನನ್ನು ಮುರಿಯಲು ಯಾರಿಗೂ ಬಿಟ್ಟವನಲ್ಲ. ಒಂದು ಬೆಳಿಗ್ಗೆ ಒಬ್ಬ ಬಾಗಿಲಲ್ಲೇ ನಿಂತು, "ಅಣ್ಣಾ, ಬರೀ ಶೇವಿಂಗ್. ಒಂಬತ್ತೂವರೆಗೆ ಹೆಂಡತಿನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗ್ತಾರೆ. ಈ ಮುಖ ಇಟ್ಕೊಂಡು ಹೋದ್ರೆ ಅವಳು ಹೆದರ್ತಾಳೆ" ಅಂದ. ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ. ಬೆಂಚಿನವರು ಜಾಗ ಬಿಡಲು ಎದ್ದೇಬಿಟ್ಟರು. ನಾನು ಅವರನ್ನು ಕೂರಿಸಿದೆ.

"ಎಲ್ಲರಿಗೂ ಅರ್ಜೆಂಟೇ ಸ್ವಾಮಿ. ಕೂತ್ಕೊಳ್ಳಿ, ಐದನೆಯವರು ನೀವು."

ಅವನು ಕೂರಲಿಲ್ಲ. ಗಡ್ಡ ಸವರಿಕೊಂಡು ಹೊರಟುಹೋದ. ಎರಡನೆಯ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಭಾವಮೈದ ಕತ್ತರಿ ಆಡಿಸುತ್ತಲೇ, "ಭಾವ, ಯಮ ಬಂದ್ರೂ ನೀವು ಬೆಂಚ್ ಮೇಲೆ ಕೂತ್ಕೋ ಅಂತೀರಿ" ಅಂದ. ಎಲ್ಲರೂ ನಕ್ಕರು. ಆ ಮಾತು ನನಗೆ ಹಿಡಿಸಿತು. ಸಂಜೆ ಹೆಂಡತಿಯ ಎದುರು ಹೇಳಿಕೊಂಡೆ ಕೂಡ. ಅವಳು ನಗಲಿಲ್ಲ. "ಅವನ ಹೆಂಡತಿಗೆ ಏನಾಯ್ತಂತೆ?" ಅಂತ ಕೇಳಿದಳು. ನನಗೇನು ಗೊತ್ತು?

ನನ್ನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವನು ಒಬ್ಬ ಗಿರಾಕಿ. ನಾನು ದಿನಕ್ಕೆ ನೂರು ಸಲ ಕನ್ನಡಿ ನೋಡುವವನು, ಆದರೆ ನೋಡುವುದು ಇನ್ನೊಬ್ಬರ ತಲೆಯನ್ನು. ಅವನು ನೊರೆ ಹಚ್ಚಿದ ಮುಖದಲ್ಲೇ ಕನ್ನಡಿಯೊಳಗಿನ ನನ್ನನ್ನು ದಿಟ್ಟಿಸಿ, "ಏನ್ರೀ, ಕಣ್ಣಿಗೆ ಅರಿಶಿನ ಬಳ್ಕೊಂಡಿದೀರಿ?" ಅಂದ. ಅಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ, ಪ್ಯಾಂಟಿನ ಗುಂಡಿ ಬಿಟ್ಟು ಅದರ ಮೇಲೆ ಏಪ್ರನ್ ಕಟ್ಟಿಕೊಂಡು ಎರಡು ತಿಂಗಳಾಗಿತ್ತು. ನಾನು ಅದನ್ನು ವಯಸ್ಸು ಅಂದುಕೊಂಡಿದ್ದೆ.

ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಕುಡೀತಿದ್ರಾ? ನಾನು ಮೂಸಿದವನೂ ಅಲ್ಲ. ರಕ್ತದಲ್ಲಿ ಒಂದು ವೈರಸ್ಸು ಬಾಡಿಗೆ ಇಲ್ಲದೆ ವರ್ಷಗಟ್ಟಲೆ ವಾಸ ಮಾಡಿತ್ತು. ಒಂದೇ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದು ಹತ್ತು ಗಲ್ಲ ಕೆರೆಯುತ್ತಿದ್ದ ಕಾಲದಲ್ಲಿ ನನ್ನ ಹೆಬ್ಬೆರಳು ಎಷ್ಟು ಸಲ ಕುಯ್ದುಕೊಂಡಿತ್ತೋ. ಅಲ್ಲಿಂದ ಬಂದಿರಬಹುದು, ಬಾರದೆಯೂ ಇರಬಹುದು ಅಂದರು ಡಾಕ್ಟರು. ಮಾತ್ರೆಗಳು ದಿನ ತಳ್ಳುತ್ತವೆ, ಕೊನೆಗೆ ಬೇರೆ ಲಿವರ್ ಹಾಕಲೇಬೇಕು. ಮನೆಯವರೇ ಒಂದು ತುಂಡು ಕೊಡಬಹುದು ಅಂತ ತಿಳಿದಾಗ ಹೆಂಡತಿ ಅಲ್ಲೇ ರವಿಕೆಯ ತೋಳು ಮಡಚಿ ಕೂತಳು. ಅವಳ ರಕ್ತದ ಗುಂಪು ಹೊಂದಲಿಲ್ಲ. ನಮಗೆ ಮಕ್ಕಳಿಲ್ಲ. ಭಾವಮೈದನ ರಕ್ತ ಹೊಂದಿತು, ಆದರೆ ಅವನ ಲಿವರಿನ ತುಂಬ ಕೊಬ್ಬು. ಅವತ್ತಿನಿಂದ ಬೆಂಚಿನವರು ಅವನಿಗೆ 'ಬೆಣ್ಣೆ' ಅಂತ ಹೆಸರಿಟ್ಟರು. ಅವನು ಆ ಹೆಸರಿಗೆ ಓಗೊಡುತ್ತಿದ್ದ, ಆದರೆ ಕೆಲವೊಮ್ಮೆ ಗೋಡೆ ಕಡೆ ಮುಖ ಮಾಡಿ ಬಾಚಣಿಗೆ ತೊಳೆಯುತ್ತ ಬಹಳ ಹೊತ್ತು ನಿಂತಿರುತ್ತಿದ್ದ.

ಹಾಗಾಗಿ ಉಳಿದದ್ದು ಪಟ್ಟಿ. ಯಾರೋ ಸತ್ತು, ಅವರ ಮನೆಯವರು ಒಪ್ಪಿ ಕೊಟ್ಟ ಲಿವರಿಗಾಗಿ ಕಾಯುವವರ ಪಟ್ಟಿ.

ಪಟ್ಟಿ ನೋಡಿಕೊಳ್ಳುವ ಮೇಡಂ ಕೂರುತ್ತಿದ್ದದ್ದು ಕಿಟಕಿಯಿಲ್ಲದ ಕೋಣೆಯಲ್ಲಿ. ಮೇಜಿನ ಮೇಲೆ ಒಂದು ಕ್ಯಾಲೆಂಡರು, ಮೂಗು ಒರೆಸುವ ಕಾಗದದ ಡಬ್ಬಿ. ವಯಸ್ಸಿನಲ್ಲಿ ಚಿಕ್ಕವಳು. ಅದೇ ಮಾತನ್ನು ಅದೇ ಕುರ್ಚಿಯಲ್ಲಿ ಕೂತ ನೂರು ಜನಕ್ಕೆ ಹೇಳಿದ್ದರೂ, ನನಗೇ ಮೊದಲು ಹೇಳುತ್ತಿರುವವಳ ಹಾಗೆ ನಿಧಾನವಾಗಿ ಹೇಳಿದಳು.

"ನನ್ನ ಮುಂದೆ ಎಷ್ಟು ಜನ ಇದ್ದಾರೆ ಮೇಡಂ?"

"ಹಾಗೆ ಹೇಳೋಕಾಗಲ್ಲ. ಇದು ಕ್ಯೂ ಅಲ್ಲ."

"ಅಂದಾಜು?"

"ಅಂದಾಜೂ ಇಲ್ಲ. ನೋಡಿ, ಲಿವರ್ ಬಂದ ದಿನ ಆ ರಕ್ತದ ಗುಂಪಿನವರು ಯಾರು, ಆ ಅಳತೆ ಯಾರ ದೇಹಕ್ಕೆ ಹೊಂದುತ್ತೆ ಅಂತ ಮೊದಲು ನೋಡ್ತಾರೆ. ಅವರಲ್ಲಿ ಯಾರಿಗೆ ಅಪಾಯ ಹೆಚ್ಚು ಅಂತ ಆಮೇಲೆ. ಅದಕ್ಕೊಂದು ಸಂಖ್ಯೆ ಇದೆ, ನಿಮ್ಮ ರಕ್ತದಿಂದ ಬರೋದು. ಹಳದಿ ಎಷ್ಟಿದೆ, ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತೆ, ಕಿಡ್ನಿ ಹೇಗಿದೆ, ಉಪ್ಪಿನಂಶ ಎಷ್ಟು. ಆರರಿಂದ ನಲವತ್ತರ ತನಕ ಹೋಗುತ್ತೆ. ನಿಮ್ಮದೀಗ ಇಪ್ಪತ್ತೆರಡು. ಹೆಚ್ಚಿದ್ದಷ್ಟೂ ಮೊದಲು."

"ಅಂದ್ರೆ ನನ್ನ ನಂತರ ಬಂದವನು ನನಗಿಂತ ಮುಂದೆ ಹೋಗಬಹುದು."

"ಅವರಿಗೆ ಕಾಯಿಲೆ ಹೆಚ್ಚಿದ್ರೆ, ಹೌದು. ಇಬ್ಬರದೂ ಒಂದೇ ಸಂಖ್ಯೆ ಆದ್ರೆ ಮಾತ್ರ ಯಾರು ಹೆಚ್ಚು ದಿನ ಕಾದಿದ್ದಾರೆ ಅಂತ ನೋಡ್ತಾರೆ."

"ಇದೆಂಥ ನ್ಯಾಯ ಮೇಡಂ?"

"ನೀವು ಬೇಗ ಬಂದ್ರಿ ಅಂತ ಇನ್ನೊಬ್ಬರು ಬೇಗ ಸಾಯೋದು ನಿಲ್ಲುತ್ತಾ?" ಅಂದವಳು, ಅಂದದ್ದು ಹೆಚ್ಚಾಯಿತು ಅನ್ನಿಸಿ ಕ್ಯಾಲೆಂಡರನ್ನು ಸರಿಮಾಡಿದಳು.

ಆಮೇಲೆ ನಿಯಮಗಳು. ಫೋನು ಸದಾ ಚಾಲೂ ಇರಬೇಕು. ಎರಡು ಗಂಟೆ ದಾರಿಗಿಂತ ದೂರ ಹೋಗುವಂತಿಲ್ಲ. ಜ್ವರ ಬಂದರೆ ತಿಳಿಸಬೇಕು. ಈಗ ತಿಂಗಳಿಗೊಮ್ಮೆ ರಕ್ತ ಕೊಡಬೇಕು, ಸಂಖ್ಯೆ ಇಪ್ಪತ್ತೈದು ಮುಟ್ಟಿದರೆ ವಾರಕ್ಕೊಮ್ಮೆ. "ತಾರೀಖು ತಪ್ಪಿದ್ರೆ ಆ ಸಂಖ್ಯೆ ರದ್ದಾಗುತ್ತೆ. ಹಿಂದಿನ ಯಾವುದೋ ಕಡಿಮೆ ಸಂಖ್ಯೆಗೆ ಇಳಿಸ್ತಾರೆ. ಇದನ್ನ ಮಾತ್ರ ಮರೀಬೇಡಿ."

ಹೆಂಡತಿ ಎಲ್ಲವನ್ನೂ ಬರೆದುಕೊಂಡಳು. ನಾನು ತಲೆಯಾಡಿಸಿದೆ. ಕ್ಷೌರ ಮುಗಿದ ಮೇಲೆ ಚಿಕ್ಕ ಕನ್ನಡಿ ಹಿಡಿದು ಹಿಂದಲೆ ತೋರಿಸಿದಾಗ ಗಿರಾಕಿಗಳೆಲ್ಲ ತಲೆಯಾಡಿಸುತ್ತಾರಲ್ಲ, ಹಾಗೆ. ಅವರಲ್ಲಿ ಯಾರೂ ಏನನ್ನೂ ನೋಡಿರುವುದಿಲ್ಲ.

ಒಂದು ವಿಚಿತ್ರ ಲೋಕಕ್ಕೆ ಬಂದು ಬಿದ್ದಿದ್ದೆ. ಹೆಂಡತಿ ಉಪ್ಪಿಲ್ಲದ ಅಡುಗೆ ಮಾಡಿ, ಗಂಟೆಗೆ ಸರಿಯಾಗಿ ಮಾತ್ರೆ ನುಂಗಿಸಿ, ನನ್ನನ್ನು ಒಂದು ತಿಂಗಳು ಚೆನ್ನಾಗಿಟ್ಟರೆ ನಾನು ಪಟ್ಟಿಯಲ್ಲಿ ಹಿಂದೆ ಸರಿಯುತ್ತಿದ್ದೆ, ಒಮ್ಮೆ ಹತ್ತೊಂಬತ್ತರ ತನಕ. ಕೆಟ್ಟ ತಿಂಗಳು ಬಂದರೆ ಮುಂದೆ. ಇಪ್ಪತ್ತೆರಡು ಇಪ್ಪತ್ತನಾಲ್ಕಾದ ದಿನ ಬೆಣ್ಣೆ ಚಪ್ಪಾಳೆ ತಟ್ಟಿದ, ಹೆಂಡತಿ ಅಡುಗೆಮನೆಗೆ ಹೋಗಿ ಅತ್ತಳು. ಇಬ್ಬರು ಮಾಡಿದ್ದೂ ಸರಿಯೇ.

ರಕ್ತ ಕೊಡುವ ದಿನ ಮಂಗಳವಾರ. ಲ್ಯಾಬಿನ ಮುಂದಿನ ಉದ್ದ ಓಣಿಯಲ್ಲಿ ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳು. ನಾನು ಯಾವಾಗಲೂ ಎಡಗೈ ಕೊಡುತ್ತಿದ್ದೆ. ಬಲಗೈ ಕತ್ತಿ ಹಿಡಿಯುವ ಕೈ, ಅದಕ್ಕೆ ಸೂಜಿ ಸೋಕಿಸಲು ಬಿಡುತ್ತಿರಲಿಲ್ಲ. ಎಡತೋಳು ಹಸಿರು, ನೇರಳೆ, ಕಂದು ಬಣ್ಣಕ್ಕೆ ತಿರುಗಿ, ಗೋಡೆಗೆ ಹೊಡೆಯುವ ಮುಂಚೆ ಪೇಂಟರ್ ಬಣ್ಣ ಪರೀಕ್ಷಿಸಿದ ಹಲಗೆಯ ಹಾಗಾಗಿತ್ತು.

ಡ್ರೈವರ್ ಸಿಕ್ಕಿದ್ದು ಅಲ್ಲಿ. ಸಿಟಿ ಬಸ್ಸು ಓಡಿಸುತ್ತಿದ್ದವನು. ಹೊಟ್ಟೆ ಸ್ಟೀರಿಂಗಿಗೆ ತಗುಲಿದ ಮೇಲೆ ಇಳಿಸಿಬಿಟ್ಟಿದ್ದರು. ನನಗಿಂತ ಎರಡು ತಿಂಗಳು ತಡವಾಗಿ ಪಟ್ಟಿ ಸೇರಿದವನು, ನನ್ನದೇ ರಕ್ತದ ಗುಂಪು, ಹೆಚ್ಚುಕಡಿಮೆ ನನ್ನದೇ ಎತ್ತರ. ನನಗಿಂತ ಮೊದಲು ಬಂದ ದಿನ ಪಕ್ಕದ ಕುರ್ಚಿಯ ಮೇಲೆ ತನ್ನ ಟೋಪಿ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದ.

"ಬಾರಪ್ಪಾ ಕತ್ತರಿ. ನಿನ್ನ ಸೀಟು ರಿಸರ್ವ್ ಆಗಿದೆ."

"ಸಿರಪ್ ಕುಡಿದ್ಯಾ?"

"ಅಯ್ಯೋ, ಕೇಳಬೇಡ. ಮೂವತ್ತು ವರ್ಷ ಬಸ್ಸು ಓಡಿಸಿದೀನಿ, ಇಷ್ಟು ಸ್ಟಾಪು ಯಾವತ್ತೂ ಕೊಟ್ಟಿರಲಿಲ್ಲ."

ತಲೆಗೆ ಮಂಕು ಕವಿಯದಿರಲಿ ಅಂತ ಕೊಡುತ್ತಿದ್ದ ಸಿಹಿ ಸಿರಪ್ಪು ನಮ್ಮಿಬ್ಬರನ್ನೂ ದಿನಕ್ಕೆ ನಾಲ್ಕು ಸಲ ಓಡಿಸುತ್ತಿತ್ತು. ನಾವು ಗಂಡಸರು ಮಾತಾಡದ ವಿಷಯಗಳನ್ನೆಲ್ಲ ಮಾತಾಡಿದೆವು. ಅವನು ತನ್ನ ಸಂಖ್ಯೆ ಹೇಳುತ್ತಿದ್ದ, ನಾನು ನನ್ನದು ಹೇಳುತ್ತಿದ್ದೆ. ನನ್ನದು ಸದಾ ಒಂದೋ ಎರಡೋ ಮುಂದೆ. ಮೇಡಂ ಹೇಳಿದ್ದೆಲ್ಲ ಗೊತ್ತಿದ್ದರೂ, ಒಳಗೊಳಗೆ ನಾನು ಅವನನ್ನು ಬೆಂಚಿನ ಮೇಲೆ ನನ್ನ ಹಿಂದೆ ಕೂರಿಸಿಕೊಂಡಿದ್ದೆ. ಅವನು ಒಳ್ಳೆಯವನು. ನನ್ನ ನಂತರ ಅವನಿಗೂ ಆಗಲಿ ಅಂದುಕೊಳ್ಳುತ್ತಿದ್ದೆ. ನನ್ನ ನಂತರ.

ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನದು ಇಪ್ಪತ್ತಾರು, ಅವನದು ಇಪ್ಪತ್ತೈದು. ಮೇಡಂ ಫೋನ್ ಮಾಡಿ ಹೇಳಿದಳು: "ಇನ್ನು ಪ್ರತಿ ಮಂಗಳವಾರ ಬರಬೇಕು, ಮರೀಬೇಡಿ."

ಅದೇ ವಾರ ಹೆಂಡತಿಯ ಅಕ್ಕ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಹೆಂಡತಿ ಹೋಗಲೇಬೇಕಾಯಿತು. ಹೋಗುವ ಮುಂಚೆ ಗೋಡೆಯ ಕ್ಯಾಲೆಂಡರಿನಲ್ಲಿ ಮಂಗಳವಾರಗಳಿಗೆಲ್ಲ ಕೆಂಪು ಸುತ್ತು ಹಾಕಿದಳು. "ರೀ, ಬೇರೆ ಏನು ಮರೆತರೂ ಇದನ್ನ ಮರೀಬೇಡಿ" ಅಂದಳು. ನಾನು ತಲೆಯಾಡಿಸಿದೆ.

ಮೊದಲ ಮಂಗಳವಾರ ಬೆಣ್ಣೆಗೆ ಜ್ವರ. ಶಾಲೆಗಳು ಶುರುವಾಗುವ ವಾರ ಬೇರೆ, ಬೆಂಚು ಬಾಗಿಲಿನಿಂದಾಚೆಗೆ ಬೆಳೆದಿತ್ತು. ಅಂಗಡಿ ತೆರೆಯದಿದ್ದರೆ ಯಾರೂ ಸಾಯುತ್ತಿರಲಿಲ್ಲ. ಆದರೆ ಮೂರು ತಿಂಗಳಿನಿಂದ ನಾನು ಕತ್ತರಿ ಬಿಟ್ಟು, ಎತ್ತರದ ಸ್ಟೂಲಿನ ಮೇಲೆ ಕೂತು ಸರದಿ ನೋಡಿಕೊಳ್ಳುವ ಗೊಂಬೆಯಾಗಿದ್ದೆ. ಅವತ್ತು ಅವರೆಲ್ಲ ನನ್ನ ಕಡೆ ನೋಡಿದರು. ಕತ್ತರಿ ಎತ್ತಿಕೊಂಡೆ. ಹೊಟ್ಟೆ ಗಿರಾಕಿಯ ಭುಜಕ್ಕೆ ತಾಗುತ್ತಿತ್ತು, ಬೆರಳು ಸ್ವಲ್ಪ ನಡುಗುತ್ತಿತ್ತು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡರೆ ನಡುಕ ನಿಲ್ಲುತ್ತದೆ ಅಂತ ಕಂಡುಕೊಂಡೆ. ಒಂದು ತಲೆ, ಎರಡು ತಲೆ. ಮೂರನೆಯದರ ಹೊತ್ತಿಗೆ ನಾನು ರೋಗಿ ಅನ್ನುವುದೇ ಮರೆತುಹೋಗಿತ್ತು.

ಫೋನು ಮೇಜಿನ ಖಾನೆಯಲ್ಲಿ ಗುರುಗುಟ್ಟಿತು. ಮೇಡಂ. ಕೈಯಲ್ಲಿ ನೊರೆ ಇತ್ತು. ನಾಳೆ ಹೋದರಾಯಿತು ಅಂದುಕೊಂಡೆ. ಆಗ ಮನಸ್ಸಿನಲ್ಲಿ ಇದ್ದದ್ದನ್ನು ಈಗ ಮುಚ್ಚಿಡುವುದಿಲ್ಲ: ನನ್ನ ಜಾಗ ಎಲ್ಲಿಗೆ ಹೋಗುತ್ತದೆ? ಒಂದು ವರ್ಷದಿಂದ ಕಾಯುತ್ತಿದ್ದೇನೆ, ಸಹಿ ಹಾಕಿದ್ದೇನೆ, ಡಬ್ಬಗಟ್ಟಲೆ ರಕ್ತ ಕೊಟ್ಟಿದ್ದೇನೆ. ನನ್ನ ಕೊಡೆ ಅಲ್ಲಿದೆ. ಬೇರೆಯವರು ಸರಿಯುವಾಗ ಅದನ್ನೂ ಸರಿಸುತ್ತಾರೆ.

ನಾಳೆ ಅನ್ನುವುದು ಗುರುವಾರವಾಯಿತು. ಗುರುವಾರ ಬೆನ್ನುನೋವು. ಹೆಂಡತಿ ಫೋನ್ ಮಾಡಿ "ರಕ್ತ ಕೊಟ್ರಾ?" ಅಂದಳು. "ಹೂಂ" ಅಂದೆ. ಒಂದು ಹೂಂ ಹೇಳಿದ ಮೇಲೆ ಎರಡನೆಯ ಮಂಗಳವಾರ ಇನ್ನೊಂದು ಹೂಂ ಹೇಳುವುದು ಸುಲಭವಾಯಿತು.

ಮೂರನೆಯ ಮಂಗಳವಾರ ಹೋದೆ. ಓಣಿಯಲ್ಲಿ ಡ್ರೈವರ್ ಇರಲಿಲ್ಲ. ಟೋಪಿಯೂ ಇರಲಿಲ್ಲ. ಔಷಧಿ ಅಂಗಡಿಯ ಮುಂದೆ ಅವನ ಹೆಂಡತಿ ಸಿಕ್ಕಿದರು, ಎರಡು ಕೈಯಲ್ಲೂ ಚೀಲ, ನಿದ್ದೆಗೆಟ್ಟ ಕಣ್ಣು. ಆದರೆ ಮುಖದಲ್ಲಿ ಏನೋ ಬೆಳಗುತ್ತಿತ್ತು.

"ಅಣ್ಣಾ, ಇವರಿಗೆ ಆಯ್ತು. ಶನಿವಾರ. ಹನ್ನೊಂದು ಗಂಟೆ ಆಪರೇಷನ್ ಮಾಡಿದ್ರು. ನಿನ್ನೆ ಕಣ್ಣುಬಿಟ್ಟು ಮೊದಲು ಕೇಳಿದ್ದೇ ನಿಮ್ಮನ್ನ. ಕತ್ತರಿಗೂ ಬಂತಾ ಅಂದ್ರು."

"ಒಳ್ಳೇದಾಯ್ತಮ್ಮ" ಅಂದೆ. ಧ್ವನಿ ನನ್ನದೇ ಇತ್ತು.

ಮೇಡಂ ಕೋಣೆಯಲ್ಲಿ ಕೂರಲಿಲ್ಲ, ನಿಂತೇ ಕೇಳಿದೆ: "ಶನಿವಾರ ನನ್ನ ಸಂಖ್ಯೆ ಎಷ್ಟಿತ್ತು?"

ಅವಳು ಕಂಪ್ಯೂಟರ್ ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿದಳು.

"ಹತ್ತೊಂಬತ್ತು. ಮೂರು ಸಲ ಫೋನ್ ಮಾಡಿದ್ದೆ ನಿಮಗೆ."

"ನಿಜವಾಗಿ ಎಷ್ಟಿರುತ್ತಿತ್ತು?"

"ಅದು ರಕ್ತ ಕೊಟ್ಟಿದ್ದರೆ ಗೊತ್ತಾಗ್ತಿತ್ತು."

"ಡ್ರೈವರಿಗೆ ಬಂದದ್ದು ನನಗೆ ಬರಬೇಕಿತ್ತಾ?"

"ಬೇರೆಯವರ ವಿಷಯ ನಾನು ಹೇಳುವಂತಿಲ್ಲ. ನಿಮಗೂ ಅದು ಬೇಡ." ಕುರ್ಚಿ ತೋರಿಸಿ ಅಂದಳು, "ಕೂತ್ಕೊಳ್ಳಿ. ಇವತ್ತಿನ ರಕ್ತ ಬಂದ ತಕ್ಷಣ ಸಂಖ್ಯೆ ಬದಲಾಗುತ್ತೆ. ನೀವು ಪಟ್ಟಿಯಿಂದ ಬಿದ್ದಿಲ್ಲ. ಎರಡು ವಾರ ಪಟ್ಟಿಗೆ ನೀವು ಹೇಗಿದ್ದೀರಿ ಅನ್ನೋದು ಗೊತ್ತಿರಲಿಲ್ಲ, ಅಷ್ಟೇ."

ಅಷ್ಟೇ. ಅವತ್ತಿನ ರಕ್ತದಲ್ಲಿ ಸಂಖ್ಯೆ ಇಪ್ಪತ್ತೆಂಟು ಬಂತು.

ಹೆಂಡತಿ ಮರುದಿನ ಬಂದಳು. ಚೀಲ ಕೆಳಗಿಡುವ ಮುಂಚೆಯೇ ಹೇಳಿಬಿಟ್ಟೆ, ಇಟ್ಟ ಮೇಲೆ ಹೇಳಲು ಆಗುತ್ತಿರಲಿಲ್ಲ. ಎರಡು ಮಂಗಳವಾರ, ಎರಡು ಹೂಂ, ಶನಿವಾರ, ಡ್ರೈವರ್. ಅವಳು ಬೈಯಲಿ ಅಂತ ಕಾದೆ. ಅವಳು ಕ್ಯಾಲೆಂಡರಿನ ಹತ್ತಿರ ಹೋಗಿ ಕೆಂಪು ಸುತ್ತುಗಳ ಮೇಲೆ ಬೆರಳಾಡಿಸಿದಳು.

"ಹಾಗಾದ್ರೆ ಎಲ್ಲಿದ್ರಿ?"

"ಅಂಗಡಿಯಲ್ಲಿ."

"ಏನ್ ಮಾಡ್ತಿದ್ರಿ?"

"ಕಟಿಂಗ್."

"ಎರಡು ವಾರ ಬೇರೆಯವರ ತಲೆ ನೋಡ್ತಿದ್ರಿ," ಅಂದಳು. "ನಾನಲ್ಲಿ ಅಕ್ಕನಿಗೆ ಗಂಜಿ ಕುಡಿಸ್ತಾ, ನೀವು ಹೂಂ ಅಂದಾಗಲೆಲ್ಲ ಸಮಾಧಾನ ಮಾಡ್ಕೋತಿದ್ದೆ. ಯಾಕೆ ಹೋಗಲಿಲ್ಲ?"

"ನನ್ನ ಜಾಗ ಇರುತ್ತೆ ಅಂದ್ಕೊಂಡೆ."

ಮರುದಿನ ಅವಳು ಬೆಳಿಗ್ಗೆ ನನ್ನ ಹಿಂದೆಯೇ ಅಂಗಡಿಗೆ ಬಂದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಒಳಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಬೆಂಚಿನ ಮೇಲೆ ಇಬ್ಬರು ಮನುಷ್ಯರು, ಮೂರು ವಸ್ತುಗಳು ಕೂತಿದ್ದವು. ಅವಳು ಮೊದಲು ಕೊಡೆ ಎತ್ತಿ ಬಾಗಿಲಾಚೆ ಗೋಡೆಗೆ ಒರಗಿಸಿದಳು. ಆಮೇಲೆ ಹೆಲ್ಮೆಟ್ಟು. ಆಮೇಲೆ ಯಾರದೋ ತರಕಾರಿ ಚೀಲ.

"ಅಕ್ಕಾ, ಆ ಕೊಡೆ ಮೇಷ್ಟ್ರದು, ಈಗ ಬರ್ತಾರೆ" ಅಂದ ಬೆಣ್ಣೆ.

"ಬರಲಿ. ಬಂದ ಮೇಲೆ ಕೂರಲಿ."

ಮೇಷ್ಟ್ರು ಚಹಾ ಮುಗಿಸಿ ಬಂದು ತಮ್ಮ ಕೊಡೆ ಬೀದಿಯಲ್ಲಿ ನಿಂತಿರುವುದನ್ನು ಕಂಡು ದಂಗಾದರು. "ಏನಮ್ಮಾ ಇದು, ಹೊಸ ಸರ್ಕಾರ ಬಂತಾ?" ಅಂದರು. ಅವಳು ನನ್ನ ಕಡೆ ನೋಡಿದಳು. ಎಲ್ಲರೂ ನೋಡಿದರು. ಕಾನೂನು ನನ್ನದು, ನಾನೇ ಮಾತಾಡಬೇಕಿತ್ತು.

"ಕೂತವರಿಗೇ ಸರದಿ ಮೇಷ್ಟ್ರೇ, ಇನ್ನು ಮೇಲೆ" ಅಂದೆ.

ಮೇಷ್ಟ್ರು ಗೊಣಗುತ್ತ ಬಾಗಿಲ ಕಡೆಯ ತುದಿಯಲ್ಲಿ ಕೂತರು. ಹೆಂಡತಿ ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಬೆಣ್ಣೆ ಮತ್ತೆ ಕತ್ತರಿ ಆಡಿಸತೊಡಗಿದ.

ಅದಾದ ಮೂರು ವಾರಕ್ಕೆ ಫೋನು ಬಂತು. ಬೆಳಿಗ್ಗೆ ಏಳು ಗಂಟೆ, ಹಲ್ಲುಜ್ಜುತ್ತಿದ್ದೆ.

"ಏನಾದ್ರೂ ತಿಂದಿದೀರಾ?" ಅಂದಳು ಮೇಡಂ.

"ಇಲ್ಲ."

"ತಿನ್ನಬೇಡಿ. ನೀರೂ ಬೇಡ. ಒಂದು ಲಿವರ್ ಬಂದಿದೆ. ಆದರೆ ನೀವು ಎರಡನೆಯವರು, ಅದು ಗೊತ್ತಿರಲಿ. ಮೊದಲನೆಯವರಿಗೆ ಜ್ವರವೋ ಇನ್ನೊಂದೋ ಬಂದು ಆಗದೇ ಹೋದ್ರೆ ಮಾತ್ರ ನಿಮಗೆ. ಬರ್ತೀರಾ?"

ಬಂದೆವು. ಹಸಿರು ಅಂಗಿ ತೊಡಿಸಿದರು, ರಕ್ತ ತೆಗೆದರು, ಎದೆಯ ಚಿತ್ರ ತೆಗೆದರು, ಹೊಟ್ಟೆಯ ಕೂದಲು ಬೋಳಿಸಿದರು. ಬೋಳಿಸಿದ ನರ್ಸು ಯಂತ್ರವನ್ನು ಕೂದಲಿನ ದಿಕ್ಕಿಗೆ ಎಳೆಯುತ್ತಿದ್ದಳು. "ಎದುರು ದಿಕ್ಕಿಗೆ ಹಿಡೀರಿ ಸಿಸ್ಟರ್, ಆಗ ಬರುತ್ತೆ" ಅಂದೆ. ಹೆಂಡತಿ ಎಷ್ಟೋ ದಿನದ ಮೇಲೆ ನಕ್ಕಳು.

ಆಮೇಲೆ ಕಾಯುವುದು. ನಮ್ಮ ಕೋಣೆಯ ಎದುರಿಗೆ ಇನ್ನೊಂದು ಕೋಣೆ, ಬಾಗಿಲು ಅರ್ಧ ತೆರೆದಿತ್ತು. ಮಂಚದ ತುದಿಯಲ್ಲಿ ಎರಡು ಕಾಲು ಕಾಣುತ್ತಿದ್ದವು, ಹೆಂಗಸಿನ ಕಾಲು, ಅರಿಶಿನದಷ್ಟು ಹಳದಿ. ಹೊರಗೆ ಒಬ್ಬ ಗಂಡಸು ಗೋಡೆಗೆ ಒರಗಿ ನಿಂತಿದ್ದ. ನಾಲ್ಕು ದಿನದ ಗಡ್ಡ. ಅವನು ನನ್ನ ಅಂಗಡಿಯಿಂದ ಹೊರಟುಹೋದವನಲ್ಲ, ಅದು ನನಗೆ ಗೊತ್ತು. ಅವನ ಮುಖ ನನಗೆ ನೆನಪೂ ಇಲ್ಲ, ನೆನಪಿರುವುದು ತಪ್ಪಿ ಹಾಕಿಕೊಂಡ ಗುಂಡಿಗಳು. ಆದರೂ ನನಗೆ ಆ ಗಡ್ಡದ ಕಡೆ ನೋಡದೆ ಇರಲಾಗಲಿಲ್ಲ.

"ಅವರೇನಾ ಮೊದಲನೆಯವರು?" ಹೆಂಡತಿ ಪಿಸುಗುಟ್ಟಿದಳು.

"ಇರಬಹುದು."

"ನಾನೀಗ ಏನಂತ ಬೇಡ್ಕೊಳ್ಳಲಿ?"

ನನಗೂ ಅದೇ ಕಷ್ಟ. ಎದುರಿನ ಥರ್ಮಾಮೀಟರಿನಲ್ಲಿ ಪಾದರಸ ಸ್ವಲ್ಪ ಏರಲಿ ಅಂತ ಒಳಗೊಂದು ದನಿ ಹೇಳುತ್ತಿತ್ತು. ಬಹಳ ಮರ್ಯಾದೆಯಿಂದ, ಗಿರಾಕಿಯೊಬ್ಬ ಇನ್ನೊಂದು ಸ್ವಲ್ಪ ಚಿಕ್ಕದು ಮಾಡಿ ಅನ್ನುವ ಹಾಗೆ. ಎಲ್ಲೋ ಇನ್ನೊಂದು ಕೋಣೆಯಲ್ಲಿ ನಿನ್ನೆ ತನಕ ಉಸಿರಾಡಿದ ಒಬ್ಬರು ಇದ್ದರು. ಅವರ ಮನೆಯವರು ಹೌದು ಅಂದು ಕಾಗದಕ್ಕೆ ಸಹಿ ಹಾಕಿ ಹೊರಗೆ ಬಂದಿರುತ್ತಾರೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಎಲ್ಲಿಗೆ ಹೋಗುವುದು ಅಂತ ತಿಳಿಯದೆ ನಿಂತಿರುತ್ತಾರೆ. ಅವರು ನನಗೆ ಅಂತ ಕೊಟ್ಟಿರಲಿಲ್ಲ. ಆ ಹೆಂಗಸಿಗೆ ಅಂತಲೂ ಅಲ್ಲ.

"ಏನೂ ಬೇಡ್ಕೋಬೇಡ," ಅಂದೆ. "ಸುಮ್ನೆ ನನ್ನ ಕೈ ಹಿಡ್ಕೋ."

ಎರಡು ಗಂಟೆಗೆ ಎದುರಿನ ಮಂಚದ ಗಾಲಿಗಳು ಸದ್ದು ಮಾಡಿದವು. ಗಡ್ಡದವನು ಮಂಚದ ಪಕ್ಕ ಓಡುನಡಿಗೆಯಲ್ಲಿ ಹೋದ. ಅವನು ಬಗ್ಗಿ ಏನೋ ಹೇಳಿದ್ದಕ್ಕೆ ಹೆಂಗಸು ಕೈಯೆತ್ತಿ ಅವನ ಕೆನ್ನೆ ಮುಟ್ಟಿದಳು. ಹೆದರಿದವಳ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮೇಡಂ ಬಾಗಿಲಲ್ಲಿ ನಿಂತಳು.

"ನೀವಿನ್ನು ಊಟ ಮಾಡಬಹುದು" ಅಂದಳು.

ಹೆಂಡತಿ ಚೀಲದಿಂದ ಬ್ರೆಡ್ಡು ತೆಗೆದಳು. ಹಸಿರು ಅಂಗಿಯಲ್ಲೇ ಕೂತು ತಿಂದೆ. ಹಸಿವಾಗಿತ್ತು. ಅದು ನಾಚಿಕೆಯ ವಿಷಯ ಅನ್ನಿಸಲಿಲ್ಲ.

ಮುಂದಿನ ಮಂಗಳವಾರ ಬಸ್ಸಿಳಿದು ಓಣಿಗೆ ಬಂದಾಗ ಟೋಪಿ ಕಂಡಿತು. ಅದರ ಪಕ್ಕ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು, ಅರ್ಧದಷ್ಟಾಗಿ ಇಳಿದುಹೋದ ಡ್ರೈವರ್. ಕಣ್ಣು ಮಾತ್ರ ಕಾಣುತ್ತಿತ್ತು. ಕಣ್ಣಿನ ಬಿಳಿ ಬೆಳ್ಳಗೆ ಇತ್ತು. ಅಷ್ಟು ಬೆಳ್ಳಗಿನ ಕಣ್ಣು ಆ ಓಣಿಯಲ್ಲಿ ಇನ್ನೊಬ್ಬರಿಗಿರಲಿಲ್ಲ.

"ಬಾರಪ್ಪಾ ಕತ್ತರಿ. ಸೀಟು ಹಿಡಿದಿಟ್ಟಿದೀನಿ."

ನಾನು ನಿಂತೇ ಇದ್ದೆ.

"ಯಾಕಪ್ಪಾ ಹಾಗೆ ನೋಡ್ತೀಯಾ? ಯಾರನ್ನೂ ಹತ್ತಿರ ಬಿಟ್ಕೋಬೇಡ ಅಂದಿದಾರೆ, ಆದ್ರೆ ನೀನು ಪರವಾಗಿಲ್ಲ, ಆ ಕಡೆ ಮುಖ ಮಾಡಿ ಕೆಮ್ಮು." ಆಮೇಲೆ ಧ್ವನಿ ತಗ್ಗಿಸಿದ. "ನಿಜ ಹೇಳ್ತೀನಿ, ನಿನಗೇ ಮೊದಲು ಬರುತ್ತೆ ಅಂದ್ಕೊಂಡಿದ್ದೆ. ನಿನ್ನದು ಒಂದು ಮುಂದೆ ಇತ್ತಲ್ಲ. ಏನಾಯ್ತು?"

ಏನೂ ಇಲ್ಲ ಅನ್ನಬಹುದಿತ್ತು. ಅಳತೆ ಹೊಂದಲಿಲ್ಲವಂತೆ ಅನ್ನಬಹುದಿತ್ತು, ಅವನು ನಂಬುತ್ತಿದ್ದ. ಆದರೆ ಹೂಂ ಹೇಳಿ ಹೇಳಿ ನನಗೆ ಸಾಕಾಗಿತ್ತು.

"ಎರಡು ವಾರ ರಕ್ತ ಕೊಡಲಿಲ್ಲ. ಅಂಗಡಿಯಲ್ಲಿದ್ದೆ. ನನ್ನ ಸಂಖ್ಯೆ ಹತ್ತೊಂಬತ್ತಕ್ಕೆ ಇಳಿದಿತ್ತು."

ಅವನು ದಿನಗಳನ್ನು ಹಿಂದಕ್ಕೆ ಎಣಿಸುವುದು ಕಾಣಿಸಿತು. ಕೈ ತಾನಾಗಿ ಹೊಟ್ಟೆಯ ಬಲಭಾಗಕ್ಕೆ ಹೋಯಿತು, ಅಂಗಿಯ ಮೇಲಿಂದಲೇ ಹೊಲಿಗೆಯನ್ನು ಮುಚ್ಚಿಕೊಂಡಿತು.

"ಹಾಗಾದ್ರೆ ಇದು..."

"ಇದು ನಿನ್ನದು."

"ಕತ್ತರಿ..."

"ಕೇಳು. ನೀನು ಅವತ್ತು ಇಲ್ಲಿದ್ದೆ. ನಾನು ಇರಲಿಲ್ಲ. ಅಷ್ಟೇ ವಿಷಯ. ಇದನ್ನ ನೀನು ಇನ್ನೊಂದು ಸಲ ಕೇಳಿದ್ರೆ ನಿನಗೆ ಉಚಿತವಾಗಿ ತಲೆ ಬೋಳಿಸ್ತೀನಿ."

ಅವನು ನಗಲಿಲ್ಲ. ಮಾಸ್ಕು ಒಂದೆರಡು ಸಲ ಒಳಗೆ ಹೊರಗೆ ಆಡಿತು. ನಾನು ಕುರ್ಚಿಯ ಮೇಲಿನ ಟೋಪಿ ತೆಗೆದು ಅವನ ಮಡಿಲಲ್ಲಿಟ್ಟೆ, ಅದಿದ್ದ ಜಾಗದಲ್ಲಿ ಕೂತೆ. ಕಬ್ಬಿಣ ತಣ್ಣಗಿತ್ತು. ಇಬ್ಬರೂ ಲ್ಯಾಬಿನ ಬಾಗಿಲ ಕಡೆ ನೋಡುತ್ತ ಕೂತೆವು.

ಒಳಗಿನಿಂದ ಕರೆದರು. ಲ್ಯಾಬಿನ ಹುಡುಗಿ ನನ್ನ ಎಡತೋಳಿಗೆ ರಬ್ಬರು ಕಟ್ಟಿ, ತಟ್ಟಿ, ಒತ್ತಿ, ಬಿಚ್ಚಿದಳು.

"ಇಲ್ಲಿ ಎಲ್ಲ ಮುಗಿದಿದೆ ಅಂಕಲ್. ಒಂದು ನರನೂ ಸಿಗ್ತಿಲ್ಲ. ಏನ್ ಮಾಡೋಣ?"

ಅಂಗಿಯ ಬಲತೋಳು ಮಡಚಿ, ಬಲಗೈಯನ್ನು ಮೇಜಿನ ಮೇಲೆ ಅವಳ ಕಡೆಗೆ ಚಾಚಿದೆ.